ಪಂಪ್‌ಸೆಟ್ ಅರ್ಥಿಂಗ್: ತಂತಿ ಎಷ್ಟು ದಪ್ಪ ಇರಬೇಕು?

ಮೋಟರ್‌ಗೆ ಯಾವ ಕೇಬಲ್ ಹಾಕಬೇಕು ಅಂತ ನಾವು ನಾಲ್ಕು ಅಂಗಡಿ ಸುತ್ತಿ ವಿಚಾರಿಸ್ತೀವಿ. ಅರ್ಥಿಂಗ್ ವಿಷಯ ಬಂದಾಗ ಮಾತ್ರ ಶೆಡ್‌ನಲ್ಲಿ ಬಿದ್ದಿರೋ ಕಟ್ಟುತಂತಿಯ ತುಂಡೇ ಸಾಕು ಅನ್ನಿಸುತ್ತೆ. ಆದರೆ ಒದ್ದೆ ಕಾಲಲ್ಲಿ ನಿಂತು ಸ್ಟಾರ್ಟರ್ ಬಟನ್ ಒತ್ತೋರು ನಾವೇ. ಡಬ್ಬಿಗೆ ಕರೆಂಟ್ ಬಂದರೆ ಅದು ನಮ್ಮ ಮೈ ಬಿಟ್ಟು ಭೂಮಿಗೆ ಹೋಗೋಕೆ ಇರುವ ದಾರಿಯೇ ಅರ್ಥ್ ತಂತಿ.

ಅಳತೆಯ ಲೆಕ್ಕ

ಮೊದಲು ಫೇಸ್ ವೈರ್ ಎಷ್ಟು ಚದರ ಮಿ.ಮೀ. ಇದೆ ನೋಡಿ. ಎರಡೂ ಒಂದೇ ಲೋಹದ್ದಾದರೆ ನಿಯಮ ಸುಲಭ:

- ಫೇಸ್ 16 ಚ.ಮಿ.ಮೀ.ವರೆಗೆ: ಅರ್ಥ್ ಕೂಡ ಅಷ್ಟೇ ಅಳತೆ
- 16ರಿಂದ 35: ಅರ್ಥ್ 16
- 35ಕ್ಕಿಂತ ಮೇಲೆ: ಫೇಸ್‌ನ ಅರ್ಧ

ಅಂದರೆ ಮೋಟರ್‌ಗೆ 4 ಚ.ಮಿ.ಮೀ. ತಾಮ್ರದ ಕೇಬಲ್ ಹೋಗಿದ್ದರೆ ಅರ್ಥ್ ಕೂಡ 4 ಚ.ಮಿ.ಮೀ. ತಾಮ್ರ. ದೂರ ಜಾಸ್ತಿ ಅಂತ ಫೇಸ್ ಕೇಬಲ್ ದಪ್ಪ ಮಾಡಿದರೆ ಅರ್ಥ್ ತಂತಿಯನ್ನೂ ದಪ್ಪ ಮಾಡಿ.

ನಮ್ಮಲ್ಲಿ ಹೆಚ್ಚು ಬಳಸೋದು ಜಿಐ ತಂತಿ. ಇದರ ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು. 8 ಗೇಜ್ ಅಂದರೆ ಸುಮಾರು 4 ಮಿ.ಮೀ. ದಪ್ಪ, ಹತ್ತಿರ ಹತ್ತಿರ 13 ಚ.ಮಿ.ಮೀ. 14 ಗೇಜ್ ಕೇವಲ 2 ಮಿ.ಮೀ., ಅಂದರೆ 3 ಚ.ಮಿ.ಮೀ. ಚಿಲ್ಲರೆ. ಕಬ್ಬಿಣ ತಾಮ್ರದಷ್ಟು ಕರೆಂಟ್ ತಡೆಯಲ್ಲ, ಬೇಗ ಕಾಯುತ್ತೆ. ಹಾಗಾಗಿ 4 ಅಥವಾ 6 ಚ.ಮಿ.ಮೀ. ತಾಮ್ರದ ಕೇಬಲ್ ಇರುವ ಮೋಟರ್‌ಗೆ 8 ಗೇಜ್ ಜಿಐ ಹಾಕಿ. 14 ಗೇಜ್ ಬೇಡವೇ ಬೇಡ.

ಇದು ನೆಲದ ಮೇಲಿನ ತಂತಿಯ ಮಾತು. ಮಣ್ಣೊಳಗೆ ಹೋಗುವ ಭಾಗ ತುಕ್ಕು ಹಿಡಿಯುತ್ತೆ, ಗುದ್ದಲಿ ಏಟೂ ಬೀಳುತ್ತೆ. ಅಲ್ಲಿಗೆ 25×3 ಮಿ.ಮೀ. ಜಿಐ ಪಟ್ಟಿ ಒಳ್ಳೇದು.

ಎರಡು ತಂತಿ, ಗಟ್ಟಿ ಬೋಲ್ಟ್

ತ್ರೀ ಫೇಸ್ ಮೋಟರ್‌ನ ಬಾಡಿಗೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕ ಇರಬೇಕು ಅನ್ನೋದು ಕಾನೂನು. ಒಂದು ಕಿತ್ತುಹೋದರೂ ಇನ್ನೊಂದು ಇರಲಿ ಅಂತ. ಸ್ಟಾರ್ಟರ್ ಡಬ್ಬಿ, ಕಬ್ಬಿಣದ ಕೇಸಿಂಗ್, ಡೆಲಿವರಿ ಪೈಪ್‌ಗಳನ್ನೂ ಸೇರಿಸಿ. ಸಬ್‌ಮರ್ಸಿಬಲ್‌ನ ಚಪ್ಪಟೆ ಕೇಬಲ್‌ನಲ್ಲಿ ಮೂರೇ ಕೋರ್, ಅರ್ಥ್ ಇರಲ್ಲ. ಮೊದಲು ಜಿಐ ಕಾಲಂ ಪೈಪೇ ಮೋಟರ್‌ವರೆಗೆ ಆ ಕೆಲಸ ಮಾಡ್ತಿತ್ತು. ಎಚ್‌ಡಿಪಿಇ ಪೈಪ್ ಬಂದ ಮೇಲೆ ಆ ದಾರಿ ಮುಚ್ಚಿದೆ. ಮುಂದಿನ ಸಲ ಮೋಟರ್ ಎತ್ತಿದಾಗ ಅರ್ಥ್ ತಂತಿ ಇಳಿಸುವ ಬಗ್ಗೆ ಮೆಕ್ಯಾನಿಕ್ ಹತ್ರ ಮಾತಾಡಿ.

ತಂತಿಯನ್ನು ಬರೀ ಸುತ್ತಿ ಬಿಡಬೇಡಿ. ಪೇಂಟ್ ಕೆರೆದು, ವಾಷರ್ ಹಾಕಿ, ಬೋಲ್ಟ್ ಬಿಗಿ ಮಾಡಿ.

ತಂತಿ ದಪ್ಪ ಇದ್ದರೆ ಸಾಕಾ?

ಸಾಕಾಗಲ್ಲ. ನಿಮ್ಮ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 10 ಓಮ್, ಟ್ರಾನ್ಸ್‌ಫಾರ್ಮರ್‌ದು 5 ಓಮ್ ಅಂತಿಟ್ಟುಕೊಳ್ಳಿ. ಒಂದು ಫೇಸ್ ಬಾಡಿಗೆ ತಾಗಿದರೆ 230ನ್ನು 15ರಿಂದ ಭಾಗಿಸಿ: ಹರಿಯೋದು ಸುಮಾರು 15 ಆಂಪಿಯರ್. 32 ಆಂಪಿಯರ್ ಫ್ಯೂಸ್ ಇದಕ್ಕೆ ಹೋಗಲ್ಲ. ಮೋಟರ್ ಬಾಡಿ ಮೇಲೆ ಮಾತ್ರ 150 ವೋಲ್ಟ್ ಕೂತಿರುತ್ತೆ. ಜೀವ ತೆಗೆಯೋಕೆ ಅಷ್ಟು ಧಾರಾಳ ಸಾಕು. ತಂತಿ ಎಷ್ಟೇ ದಪ್ಪ ಇರಲಿ, ತಡೆ ಇರೋದು ಮಣ್ಣಲ್ಲಿ.

ಅದಕ್ಕೇ ಅರ್ಥ್ ಲೀಕೇಜ್ ಬ್ರೇಕರ್ ಬೇಕು. 100 ಮಿಲಿಆಂಪಿಯರ್‌ನದ್ದಾದರೂ, ಈ 15 ಆಂಪಿಯರ್ ಅದರ ಮಿತಿಯ 150 ಪಟ್ಟು. ತಕ್ಷಣ ಟ್ರಿಪ್ ಆಗುತ್ತೆ. ಮನುಷ್ಯರ ನೇರ ರಕ್ಷಣೆಗೆ 30 ಮಿಲಿಆಂಪಿಯರ್‌ನದ್ದು ಉತ್ತಮ. ಹಳೇ ಕೇಬಲ್ ಇದ್ದರೆ ಅದು ಪದೇಪದೇ ಟ್ರಿಪ್ ಆಗಬಹುದು. ಆಗ ಬ್ರೇಕರ್ ಬೈಪಾಸ್ ಮಾಡಬೇಡಿ, ಕೇಬಲ್ ಜಾಯಿಂಟ್ ನೋಡಿಸಿ.

ಗುಂಡಿ

ಕನಿಷ್ಠ 2.5 ಮೀಟರ್ ಉದ್ದ, 40 ಮಿ.ಮೀ. ಜಿಐ ಪೈಪ್ ಇಳಿಸಿ. ಪಂಪ್ ಮನೆಯಿಂದ 1.5 ಮೀಟರ್ ದೂರ ಇರಲಿ. ಉಪ್ಪು ಪೈಪನ್ನೂ ತಿನ್ನುತ್ತೆ, ಪಕ್ಕದ ಗಿಡದ ಬೇರಿಗೂ ಒಳ್ಳೇದಲ್ಲ. ನಾನು ಬೆಂಟೊನೈಟ್ ಮಣ್ಣನ್ನೇ ಇಷ್ಟಪಡ್ತೀನಿ. ಮಣ್ಣು ಒಣಗಿರುವ ಏಪ್ರಿಲ್‌ನಲ್ಲೇ ಅರ್ಥ್ ಟೆಸ್ಟರ್ ಹಿಡಿಸಿ. ಮಳೆಗಾಲದ ರೀಡಿಂಗ್ ನಂಬಿ ಕೂರಬೇಡಿ.

ಈ ಕೆಲಸವೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ, ಮೇನ್ ಆಫ್ ಮಾಡಿಯೇ ಆಗಲಿ. ಇವತ್ತು ನೀವು ಮಾಡಬಹುದಾದ್ದು ಇಷ್ಟೇ: ಬೆಳಕಿರುವಾಗ ಪಂಪ್ ಮನೆಗೆ ಹೋಗಿ, ಏನನ್ನೂ ಮುಟ್ಟದೆ ಅರ್ಥ್ ತಂತಿಯ ಫೋಟೋ ತೆಗೆದು ಅವರಿಗೆ ಕಳಿಸಿ.