ನಕ್ಷೆ ಹೊಲಕ್ಕೆ ಇಳಿದಾಗ

ಶಹಾಬಾದದ ಪರಸಿ ಕಲ್ಲಿನ ಗಣಿಯ ಅಂಚಿನಲ್ಲಿ ನಿಂತರೆ ಮೇಲೆ ಎರೆಮಣ್ಣು, ಅದರಡಿಯಲ್ಲಿ ಹಾಸುಹಾಸಾದ ಸುಣ್ಣಗಲ್ಲು ಕಾಣುತ್ತವೆ. ಮಣ್ಣು ಒಂದು ಕಡೆ ಆಳುದ್ದವಿದ್ದರೆ ಇನ್ನೊಂದು ಕಡೆ ಮೊಣಕಾಲುದ್ದವೂ ಇರದು. ವಾಡಿ, ಚಿತ್ತಾಪುರ, ಸೇಡಂಗಳ ನೆಲವೂ ಬಹುಮಟ್ಟಿಗೆ ಹೀಗೆಯೇ. ಚಿಂಚೋಳಿಯ ಎತ್ತರದಲ್ಲಿ ಜಂಬಿಟ್ಟಿಗೆಯ ಕೆಂಪುಮಣ್ಣೂ ಸೇರಿಕೊಳ್ಳುತ್ತದೆ. ದಾರಿಹೋಕನ ಕಣ್ಣಿಗೆ ಈ ವ್ಯತ್ಯಾಸ ಬೀಳದು. ಬೆಳೆಗೆ ಮಾತ್ರ ಅದೇ ಸರ್ವಸ್ವ.

ಆಳವಾದ ಎರೆಯಲ್ಲಿ, ಮಳೆಗಾಲದಲ್ಲಿ ಮಣ್ಣು ಕುಡಿದ ನೀರಿನ ಬಲದಿಂದಲೇ ಹಿಂಗಾರಿಯ ಬಿಳಿಜೋಳ ತೆನೆಗಟ್ಟುತ್ತದೆ. ಆಳವಿಲ್ಲದಲ್ಲಿ, ತಡವಾಗಿ ಮಾಗುವ ತೊಗರಿ ಕಾಯಿಕಟ್ಟುವ ಹೊತ್ತಿಗೆ ಬೇರಿನ ಬಳಿ ತೇವ ಉಳಿದಿರುವುದಿಲ್ಲ. ಒಡ್ಡಿನ ವಿಷಯವೂ ಅಷ್ಟೇ. ನೀರು ಬೇಗ ಇಂಗುವ ಮಸಾರಿ ನೆಲದಲ್ಲಿ ಸಮಪಾತಳಿಯ ಒಡ್ಡು ಉಪಕಾರಿ. ಆಳವಾದ ಎರೆಯಲ್ಲಿ ಅದೇ ಒಡ್ಡು ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಮಳೆಯಲ್ಲಿ ನೀರು ನಿಲ್ಲಿಸಿ ಬೆಳೆಯನ್ನು ಕೊಳೆಯಿಸಿ, ಕೊನೆಗೆ ಒಡೆದು ಮಣ್ಣನ್ನೂ ಒಯ್ಯುತ್ತದೆ. ಅಲ್ಲಿ ಬೇಕಾದದ್ದು ಹೆಚ್ಚಿನ ನೀರನ್ನು ಮೆಲ್ಲನೆ ಹೊರಗೆ ನಡೆಸುವ ಇಳುಕಲು ಒಡ್ಡು.

ಇದೆಲ್ಲ ವಿಜ್ಞಾನಿಗಳಿಗೆ ಬಹುಕಾಲದಿಂದ ತಿಳಿದಿತ್ತು. ಯಾವ ಹೊಲದ ಮಣ್ಣು ಎಂತಹದು ಎಂಬ ವಿವರ ಮಾತ್ರ ಕೈಗೆ ಸಿಕ್ಕಿರಲಿಲ್ಲ. ರಾಜ್ಯದ ಹಳೆಯ ಮಣ್ಣಿನ ನಕ್ಷೆಯ ಪ್ರಮಾಣ 1:2,50,000. ಅದರ ಒಂದು ಅಂಗುಲ ನೆಲದ ಮೇಲೆ ಸುಮಾರು 4 ಮೈಲಿ. ಇಡೀ ಊರು ಹೆಬ್ಬೆರಳಿನಡಿ ಮರೆಯಾಗುವ ಇಂತಹ ನಕ್ಷೆ ರೈತನಿಗೆ ಏನು ಹೇಳೀತು?

ವಿಶ್ವಬ್ಯಾಂಕು 2012ರಲ್ಲಿ ನೆರವು ಮಂಜೂರು ಮಾಡಿದ ಸುಜಲಾ ಯೋಜನೆಯ ಮೂರನೆಯ ಹಂತ, ಕಲಬುರಗಿಯೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಈ ಕೊರತೆಯನ್ನು ತುಂಬಲು ಹೊರಟಿತು. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯವರೂ ಕೃಷಿ ವಿಶ್ವವಿದ್ಯಾಲಯಗಳವರೂ ಉಪಗ್ರಹದ ಚಿತ್ರವನ್ನು ಕಂದಾಯದ ಗ್ರಾಮನಕ್ಷೆಗೆ ಹೊಂದಿಸಿದರು. ಗುಂಡಿ ತೋಡಿ ಮಣ್ಣಿನ ಆಳ, ಇಳಿಜಾರು, ಸವಕಳಿಗಳನ್ನು ಅಳೆದು ಸರ್ವೆ ನಂಬರುಗಳಿಗೆ ಕೂಡಿಸಿದರು. 1:7,920 ಪ್ರಮಾಣದ ಗ್ರಾಮನಕ್ಷೆಯ ಒಂದು ಅಂಗುಲ ನೆಲದ ಮೇಲೆ ಒಂದು ಫರ್ಲಾಂಗು. ಅದರಲ್ಲಿ ರೈತ ತನ್ನ ಹೊಲವನ್ನು ಬೆರಳಿಟ್ಟು ತೋರಿಸಬಲ್ಲ.

ಆದರೆ ನಕ್ಷೆ ತಾನಾಗಿ ಒಡ್ಡು ಹಾಕಲಾರದು. ಅದನ್ನು ಓದಿ ಹೇಳುವವರು ಹೊಲದವರೆಗೆ ನಡೆದುಬರಬೇಕು. ಬಂದು ಒಕ್ಕಲಿಗನ ಮಾತನ್ನೂ ಕೇಳಬೇಕು. ನೇಗಿಲಿಗೆ ಕಲ್ಲು ತಗಲುವ ಜಾಗವನ್ನು ಅವನು ಗುಂಡಿ ತೋಡದೆಯೇ ಬಲ್ಲ. ಸುಣ್ಣಗಲ್ಲಿನ ಮೇಲಿನ ಆ ಗೇಣು ಮಣ್ಣು ಕಾಗಿಣೆಗೆ ಹರಿದುಹೋದ ಮೇಲೆ, ಕಪಾಟಿನಲ್ಲಿರುವ ನಕ್ಷೆ ಎಷ್ಟು ಕರಾರುವಾಕ್ಕಾಗಿದ್ದರೇನು?