ದೂಳಿನ ದಿಬ್ಬಕ್ಕೆ ಹಸಿರು ಹೊದಿಕೆ

ಆಷಾಢದ ಗಾಳಿ ಬೀಸತೊಡಗಿದರೆ ಕೆ.ಜಿ.ಎಫ್.ನ ಮನೆಗಳಲ್ಲಿ ಕಿಟಕಿ ಮುಚ್ಚುವುದೇ ಕೆಲಸ. ಸೈನೈಡ್ ದಿಬ್ಬಗಳ ದೂಳು ಹಾಸಿಗೆ, ಪಾತ್ರೆ, ಒಣಗಲು ಹಾಕಿದ ಬಟ್ಟೆ ಎಲ್ಲದರ ಮೇಲೂ ಕೂರುತ್ತದೆ. 'ಡಾಕ್ಟರೇ, ಈ ಸೈನೈಡಿನಿಂದ ಮಕ್ಕಳಿಗೆ ಏನಾದರೂ ಆದೀತೇ?' ಎಂದು ತಾಯಂದಿರು ಕೇಳುವುದುಂಟು. ಆತಂಕ ಸಹಜವೇ. ಆದರೆ ಹೆಚ್ಚು ಹೆದರಬೇಕಾದದ್ದು ಸೈನೈಡಿಗಲ್ಲ, ದೂಳಿಗೆ.

ದಿಬ್ಬದಲ್ಲಿ ಏನಿದೆ?

ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದದ್ದೇ ಈ ದಿಬ್ಬ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದರೂ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಉಳಿದಿದೆ. ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮೇಣ ಬಹುಮಟ್ಟಿಗೆ ವಿಘಟನೆಯಾಗುತ್ತದೆ. ಕಲ್ಲಿನ ಸಿಲಿಕಾ ಮಾತ್ರ ಹಾಗೆಯೇ ಉಳಿಯುತ್ತದೆ. ಅದರ ಅತಿ ಸಣ್ಣ ಕಣಗಳು ಮೂಗನ್ನು ದಾಟಿ ಶ್ವಾಸಕೋಶದ ಆಳಕ್ಕೆ ಇಳಿದು ಗಾಯದ ಕಲೆ ಉಂಟುಮಾಡುತ್ತವೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1947ರಲ್ಲಿ, ಇದೇ ಗಣಿಗಳಿಂದ. ಕೆಟ್ಟ ಭಾಗವನ್ನು ಮತ್ತೆ ಸರಿಪಡಿಸುವ ಔಷಧಿ ಇಲ್ಲ. ಕ್ಷಯವೂ ಬೇಗ ಅಂಟುತ್ತದೆ.

ಸುರಂಗದಲ್ಲಿ ದುಡಿದವರು ಕುಡಿದಷ್ಟು ದೂಳನ್ನು ಊರಿನವರು ಕುಡಿಯುವುದಿಲ್ಲ, ನಿಜ. ಆದರೆ ಆಸ್ತಮಾ ಇರುವ ಮಕ್ಕಳಿಗೆ, ವೃದ್ಧರಿಗೆ, ಹಳೆಯ ಗಣಿ ಕಾರ್ಮಿಕರಿಗೆ ಯಾವ ದೂಳಾದರೂ ಕೇಡೇ.

ಗಿಡವೇ ಮದ್ದು

ದೂಳನ್ನು ಏಳುವ ಜಾಗದಲ್ಲೇ ತಡೆಯಬೇಕು. ಹುಲ್ಲು ನೆಲದ ಮೇಲೆ ಗಾಳಿಯ ವೇಗ ತಗ್ಗಿಸುತ್ತದೆ, ಬೇರು ಪುಡಿಯನ್ನು ಹಿಡಿದಿಡುತ್ತದೆ. ಲಾವಂಚ, ಕತ್ತಾಳೆಯಂಥವು ಇದಕ್ಕೆ ತಕ್ಕವು. ಆದರೆ ದಿಬ್ಬದ ಪುಡಿಯಲ್ಲಿ ಸಾರವಿಲ್ಲ. ವನಮಹೋತ್ಸವದ ದಿನ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಬೇಸಿಗೆಗೆ ಅದು ಒಣಗುತ್ತದೆ. ಮಣ್ಣು, ಗೊಬ್ಬರ ಹಾಕಿ ಎರಡು ಮೂರು ಬೇಸಿಗೆ ನೀರುಣಿಸಬೇಕು.

ದಿಬ್ಬಕ್ಕೂ ಮನೆಗಳಿಗೂ ನಡುವೆ ಹೊಂಗೆ, ಬೇವಿನ ಸಾಲು ಇರಲಿ. ಕೆಳಗೆ ಪೊದೆಗಳೂ ಇರಲಿ. ಇಲ್ಲದಿದ್ದರೆ ದೂಳು ಕಾಂಡಗಳ ನಡುವೆ ನುಸುಳುತ್ತದೆ. ಕಾಂಗ್ರೆಸ್ ಗಿಡ ಬೆಳೆಯಲು ಬಿಡಬೇಡಿ. ಅದರ ಪರಾಗ ಅಲರ್ಜಿ ತರುತ್ತದೆ. ದಿಬ್ಬದ ಮೇಲೆ ಸೊಪ್ಪು ಬೆಳೆಯುವುದೂ ದನ ಮೇಯಿಸುವುದೂ ಬೇಡ; ವಿಷ ಲೋಹಗಳ ಅಂಶ ಗಿಡಕ್ಕೆ ಸೇರಬಹುದು.

ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಗೆದರೆ ದೂಳು ಹೆಚ್ಚುವುದು ಖಂಡಿತ. ಆದ್ದರಿಂದ ಗುದ್ದಲಿ ಬೀಳುವ ಮೊದಲೇ ಮರದ ಸಾಲು ಬೆಳೆದಿರಬೇಕು, ಅಗೆಯುವಾಗ ನೀರು ಸಿಂಪಡಿಸಬೇಕು. ಇದನ್ನು ನಾಗರಿಕರು ಈಗಲೇ ಕೇಳಬೇಕು. ಮರ ಬೆಳೆಯಲು ವರ್ಷಗಳು ಬೇಕಲ್ಲವೇ?

ಮನೆಯಲ್ಲಿ ಹೀಗೆ ಮಾಡಿ

* ಪೊರಕೆಯಿಂದ ದೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ.
* ಗಾಳಿ ಜೋರಾಗಿದ್ದಾಗ ಆಸ್ತಮಾ ಇರುವ ಮಕ್ಕಳನ್ನು ಒಳಗಿರಿಸಿ.
* ದಿಬ್ಬದ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ.
* ಬೀಡಿ, ಸಿಗರೇಟು ಬಿಡಿ.
* ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ, ಎಕ್ಸ್-ರೇ ಮಾಡಿಸಿ. ಹಿಂದೆ ಗಣಿಯಲ್ಲಿ ದುಡಿದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.