ಬುಟ್ಟಿಯೊಳಗಿನ ನಾಯಿಛತ್ರಿ: ತಿನ್ನಬೇಕೋ ಬಿಡಬೇಕೋ, ಪುಡಿಯನ್ನೇ ಕೇಳಿ!

ಸಂತಪುರ: ಮಿರಗದ ಮಳೆ ಮುಗಿದು ಆರಿದ್ರಾ ಹಿಡಿಯಿತೆಂದರೆ ಸಾಕು, ಔರಾದ ತಾಲೂಕಿನ ಹೊಲದ ಬದುಗಳಲ್ಲಿ, ಹುತ್ತಗಳ ಸುತ್ತ, ದನ ಮೇಯುವ ಹುಲ್ಲಿನಲ್ಲಿ ಬಿಳಿ ಛತ್ರಿಗಳು ತಲೆಯೆತ್ತುತ್ತವೆ. ಊರಿನವರಿಗೆ ಅದು ನಾಯಿಛತ್ರಿ, ಪುಸ್ತಕದವರಿಗೆ ಅಣಬೆ, ಮರಾಠಿ ಮಾತನಾಡುವ ನೆರೆಯವರಿಗೆ ಅಳಂಬಿ. ಹೆಸರು ಏನೇ ಇರಲಿ, ಕೊಳ್ಳುವವರು ಕೇಳುವುದು ಒಂದೇ ಪ್ರಶ್ನೆ: "ಛಲೋ ಅದಾವೇನ್ರಿ?" ಬರುವುದೂ ಒಂದೇ ಉತ್ತರ: "ಅದಾವ ತಗೋರಿ, ನಮ್ಮ ಹಿರ್ಯಾರು ತಿಂತಿದ್ರು."

ವ್ಯವಹಾರ ಅಷ್ಟಕ್ಕೇ ಮುಗಿಯಿತು. ತೊಗರಿಬೇಳೆಯಲ್ಲಿ ನಾಲ್ಕು ಕಲ್ಲು ಕಂಡರೆ ಪೊಟ್ಟಣ ತಿರುಗಿಸಿ ತಂದು ಜಗಳ ತೆಗೆಯುವ ಗಿರಾಕಿಯೇ ಅಣಬೆಯ ಮಟ್ಟಿಗೆ ಮಾತ್ರ ಬಾಯಿಮಾತು ನಂಬಿ ಚೀಲ ತುಂಬುತ್ತಾನೆ. ಬೇಳೆಯ ಕಲ್ಲು ಹಲ್ಲು ಮುರಿದೀತು. ತಪ್ಪು ಅಣಬೆ ಮನೆಯನ್ನೇ ಮುರಿದೀತು. 2022ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾ ತೋಟದಲ್ಲಿ ದುಡಿಯುವವರು. ಅಣಬೆ ಅವರಿಗೂ ಹೊಸದಾಗಿರಲಿಲ್ಲ.

ಬೆಳ್ಳಿ ಚಮಚೆ ಕಪ್ಪಾಗುವುದಿಲ್ಲ

ವಿಷದ ಅಣಬೆಯಿದ್ದರೆ ಬೆಳ್ಳಿ ಚಮಚೆ ಕಪ್ಪಾಗುತ್ತದೆ, ಹುಳ ತಿಂದ ಅಣಬೆ ಮನುಷ್ಯನಿಗೂ ಆಗುತ್ತದೆ, ಅರಿಶಿನ ಹಾಕಿ ಕುದಿಸಿದರೆ ವಿಷ ಇಳಿಯುತ್ತದೆ ಎಂಬ ಮಾತುಗಳಿವೆ. ಮೂರೂ ಸುಳ್ಳು. ಅತಿ ಕೆಟ್ಟ ಅಣಬೆಯಾದ ಅಮಾನಿಟಾದ ವಿಷ ಬೆಳ್ಳಿಯನ್ನು ಮುಟ್ಟುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ, ಒಣಗಿಸಿದರೂ ಉಳಿಯುತ್ತದೆ. ಹುಳಕ್ಕೆ ಆದದ್ದು ಮನುಷ್ಯನಿಗೆ ಆಗಬೇಕೆಂದೇನೂ ಇಲ್ಲ.

ಹಾಗಾದರೆ ಗುರುತು ಹಿಡಿಯುವುದು ಹ್ಯಾಂಗ? ಅಣಬೆ ತನ್ನ ಕುಲವನ್ನು ತನ್ನ ಪುಡಿಯಲ್ಲಿ ಬರೆದುಕೊಂಡೇ ಹುಟ್ಟುತ್ತದೆ. ಆ ಪುಡಿಗೆ ಬೀಜಕ ಎನ್ನುತ್ತಾರೆ. 1729ರಲ್ಲಿ ಇಟಲಿಯ ಮಿಕೇಲಿ ಎಂಬ ಪಂಡಿತ ಈ ಪುಡಿಯನ್ನು ಕಲ್ಲಂಗಡಿ ಜಾತಿಯ ಹಣ್ಣಿನ ಹೋಳಿನ ಮೇಲೆ ಬಿತ್ತಿ ಬೆಳೆಸಿ, ಇದೇ ಅಣಬೆಯ ಬೀಜವೆಂದು ತೋರಿಸಿದ. 1821ರಿಂದ ಸ್ವೀಡನ್ನಿನ ಫ್ರೀಸ್ ಪುಡಿಯ ಬಣ್ಣದ ಮೇಲೆಯೇ ಛತ್ರಿ ಅಣಬೆಗಳನ್ನು ಪಂಗಡ ಮಾಡಿದ. ಆ ಲೆಕ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ.

ಎರಡು ಬಿಳಿ ಛತ್ರಿಗಳು

ನಮ್ಮ ಕಡೆಯವರು ಆಸೆಪಡುವುದು ಹುತ್ತದ ಅಣಬೆಗೆ. ಅದರ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಹೆಸರಿಟ್ಟರು. ಅದರಲ್ಲಿ ಒಂದು ಜಾತಿಯನ್ನು ಮದ್ರಾಸ್ ವಿಶ್ವವಿದ್ಯಾಲಯದ ಕೆ. ನಟರಾಜನ್ 1979ರಲ್ಲಿ ವರ್ಣಿಸಿ, ಹೈಮ್ ಅವರದೇ ಹೆಸರು ಕೊಟ್ಟರು. ಇದನ್ನು ಬೆಳೆಸುವ ಒಕ್ಕಲಿಗ ಮನುಷ್ಯನಲ್ಲ, ಗೆದ್ದಲು. ಹುತ್ತದೊಳಗೆ ಗೆದ್ದಲು ಕಟ್ಟಿದ ಗೂಡಿನಿಂದ ಉದ್ದನೆ ಬೇರಿನಂಥ ದಂಟು ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ. ಕೊಡೆಯ ನಡುವೆ ಮೊನೆಯಂಥ ಗುಬ್ಬಿ ಇರುತ್ತದೆ. ಮಣ್ಣು ತೂರಿಬರಲು ಅದೇ ಅದರ ಹಾರೆ. ಗೆದ್ದಲಿಲ್ಲದೆ ಇದನ್ನು ಶೆಡ್ಡಿನಲ್ಲಿ ಬೆಳೆದು ಮಾರುವ ದಾರಿ ಇನ್ನೂ ಕೈಗೆ ಹತ್ತಿಲ್ಲ. ಅದಕ್ಕೇ ಅದಕ್ಕೆ ಅಷ್ಟು ಬೆಲೆ.

ಇನ್ನೊಂದು ಬಿಳಿ ಛತ್ರಿ ಹುಲ್ಲಿನದು. ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಎಂದು ಅದರ ಹೆಸರು. ತಟ್ಟೆಯಷ್ಟು ಅಗಲ, ಮೇಲೆ ಕಂದು ಹೊಪ್ಪಳೆ, ದಂಟಿಗೆ ಬಳೆ. ನೋಡಲು ಬಲು ಚೆಂದ. ಭಾರತದ ಹಲವು ರಾಜ್ಯಗಳಲ್ಲಿ ಮಳೆಗಾಲದಲ್ಲಿ ಏಳುತ್ತದೆ. ಪ್ರಾಣ ತೆಗೆಯುವುದು ಅಪರೂಪ, ಆದರೆ ತಿಂದ ಒಂದರಿಂದ ಮೂರು ತಾಸಿನೊಳಗೆ ವಾಂತಿ-ಭೇದಿಯಿಂದ ಮನುಷ್ಯನನ್ನು ಹಿಂಡಿಬಿಡುತ್ತದೆ. ಮೋಸ ಎಲ್ಲಿದೆಯೆಂದರೆ, ಎಳೆಯದಿದ್ದಾಗ ಇದರ ಕೊಡೆಯ ಕೆಳಗಿನ ಗರಿಗಳೂ ಬೆಳ್ಳಗೇ ಇರುತ್ತವೆ. ಬಲಿತ ಮೇಲಷ್ಟೇ ಹಸಿರು ಛಾಯೆ. ಬಳೆ ನೋಡಿ ತೀರ್ಮಾನಿಸೋಣವೆಂದರೆ ಅದೂ ಆಗದು. ಹುತ್ತದ ಅಣಬೆಯ ಕೆಲವು ಜಾತಿಗಳಿಗೂ ಬಳೆ ಇರುತ್ತದೆ.

ಒಂದು ಕಾಗದ, ಒಂದು ಬೋಗುಣಿ

ಇಲ್ಲಿ ಪುಡಿ ಕೆಲಸಕ್ಕೆ ಬರುತ್ತದೆ. ಅರಳಿದ ಅಣಬೆಯ ದಂಟು ಕತ್ತರಿಸಿ, ಕೊಡೆಯನ್ನು ಗರಿ ಕೆಳಗಾಗಿ ಕಾಗದದ ಮೇಲೆ ಇಡಬೇಕು. ಕಾಗದ ಅರ್ಧ ಬಿಳಿ, ಅರ್ಧ ಕರಿ ಇದ್ದರೆ ಉತ್ತಮ, ಬಿಳಿ ಪುಡಿ ಬಿಳಿ ಕಾಗದದ ಮೇಲೆ ಕಾಣುವುದಿಲ್ಲವಲ್ಲ! ಗಾಳಿ ತಾಗದಂತೆ ಬೋಗುಣಿ ಕವುಚಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಎತ್ತಿದರೆ ಗರಿಗಳ ಅಚ್ಚು ಮೂಡಿರುತ್ತದೆ, ರಂಗೋಲಿ ಹಾಕಿದಂತೆ.

ಪುಡಿ ಹಸಿರಾಗಿದ್ದರೆ ಅದು ಹುಲ್ಲಿನ ಮೋಸಗಾರ. ತಿಪ್ಪೆಗೆ ಎಸೆಯಿರಿ. ಹುತ್ತದ ಅಣಬೆಯದು ತೆಳು ಗುಲಾಬಿ ಇಲ್ಲವೇ ಕೆನೆಬಣ್ಣ. ಅಂಗಡಿಯಲ್ಲಿ ಸಿಗುವ ಗುಂಡಿಯಂಥ ಬಿಳಿ ಅಣಬೆಯ ಕುಲದ್ದು ಚಾಕಲೇಟು ಕಂದು. ಅಮಾನಿಟಾದ್ದು ಬಿಳಿ.

"ಗುಲಾಬಿ ಬಂತು, ಇನ್ನೇನು ಒಲಿ ಹಚ್ಚೋಣು" ಅನ್ನುವವರು ತುಸು ತಡೆಯಬೇಕು. ಎಂಟೊಲೋಮಾ ಎಂಬ ಇನ್ನೊಂದು ಕುಲದ ಪುಡಿಯೂ ಗುಲಾಬಿಯೇ. ಅದರಲ್ಲಿ ವಿಷದವು ಹಲವಿವೆ. ಬರಿಗಣ್ಣಿನ ಕೆಲಸ ಇಲ್ಲಿಗೆ ಮುಗಿಯಿತು.

ಮೈಕ್ರೋಸ್ಕೋಪಿನ ಕೆಳಗೆ

ಸೂಜಿಯ ಮೊನೆಯಷ್ಟು ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಕಲಸಿ, ತೆಳು ಗಾಜು ಮುಚ್ಚಿ, ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿದರೆ ಬೀಜಕದ ಆಕಾರ ಕಾಣುತ್ತದೆ. ಎಣ್ಣೆ ಹಾಕಿ ನೋಡುವ ಮಸೂರದಲ್ಲಿ 1000 ಪಟ್ಟು ಆದರೆ ಗೋಡೆ, ರಂಧ್ರ ಎಲ್ಲ ಸ್ಪಷ್ಟ. ಅಳತೆ ಮೈಕ್ರಾನಿನಲ್ಲಿ. ಒಂದು ಮಿಲಿಮೀಟರಿಗೆ 1000 ಮೈಕ್ರಾನು. ತಲೆಗೂದಲಿನ ದಪ್ಪ ಸುಮಾರು 70 ಎಂದುಕೊಂಡರೆ, ಹುತ್ತದ ಅಣಬೆಯ ಹತ್ತು ಬೀಜಕ ಸಾಲಾಗಿ ನಿಂತರೆ ಒಂದು ಕೂದಲು ದಾಟುತ್ತವೆ!

ಹುತ್ತದ ಅಣಬೆಯ ಬೀಜಕ ಮೊಟ್ಟೆಯಾಕಾರ, ನುಣುಪು, ಉದ್ದ ಸುಮಾರು 7 ಮೈಕ್ರಾನು. ಎಂಟೊಲೋಮಾದ್ದು ಮೂಲೆಮೂಲೆಯಾಗಿ, ಕಡೆದ ಹರಳಿನಂತೆ. ಒಮ್ಮೆ ನೋಡಿದವರು ಮರೆಯುವಂತಿಲ್ಲ. ಹುಲ್ಲಿನ ಹಸಿರು ಪುಡಿಯದು ದೊಡ್ಡದು, 8ರಿಂದ 13 ಮೈಕ್ರಾನು, ದಪ್ಪ ಗೋಡೆ, ಒಂದು ತುದಿ ಕತ್ತರಿಸಿದಂತೆ ಮೊಂಡು, ಅಲ್ಲೊಂದು ರಂಧ್ರ.

ಬಣ್ಣದ ಪರೀಕ್ಷೆಯೂ ಇದೆ. 1924ರಲ್ಲಿ ಮೆಲ್ಜರ್ ಎಂಬವರು ಅಯೋಡಿನ್ ಬೆರೆಸಿದ ದ್ರಾವಣವೊಂದನ್ನು ತಯಾರಿಸಿದರು. ಅದರ ಹನಿ ಬಿದ್ದರೆ ಹುಲ್ಲಿನ ಅಣಬೆಯ ಬೀಜಕ ಕೆಂಗಂದು, ಮರಣದ ಟೋಪಿ ಎಂದೇ ಹೆಸರಾದ ಅಮಾನಿಟಾ ಫಲಾಯ್ಡಿಸಿನದು ನೀಲಿಗಪ್ಪು. ಹುತ್ತದ ಅಣಬೆಯದು ಈ ಎರಡರಲ್ಲಿ ಯಾವುದೂ ಆಗುವುದಿಲ್ಲ. ಇಷ್ಟಕ್ಕೂ ತೃಪ್ತಿಯಾಗದಿದ್ದರೆ ಗರಿಯನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ, ಅದರ ಜೀವಕೋಶಗಳ ಜೋಡಣೆ ನೋಡುತ್ತಾರೆ.

'ಬ್ಯಾಡ' ಅನ್ನಬಹುದು, 'ಹೂಂ' ಅನ್ನಲಾಗದು

ಆದರೂ ಒಂದು ಮಾತು ಗಂಟು ಹಾಕಿಕೊಳ್ಳಬೇಕು. ಕಾಗದದ ಪರೀಕ್ಷೆ 'ಬ್ಯಾಡ' ಅನ್ನುವುದಕ್ಕೆ ಸಾಕು, 'ಹೂಂ' ಅನ್ನುವುದಕ್ಕೆ ಸಾಲದು. ಸೂಕ್ಷ್ಮದರ್ಶಕವೂ ಪುಡಿಯೊಂದನ್ನೇ ನೋಡಿ ತೀರ್ಪು ಕೊಡುವುದಿಲ್ಲ. ಅಣಬೆ ಎಲ್ಲಿ ಎದ್ದಿತ್ತು, ಬುಡ ಹೇಗಿತ್ತು, ಚೀಲದಂಥ ಪೊರೆ ಇತ್ತೇ, ದಂಟು ಗೆದ್ದಲಗೂಡಿನವರೆಗೆ ಇಳಿದಿತ್ತೇ ಎಂಬುದೆಲ್ಲ ಕೂಡಿಬಂದಾಗಲೇ ಹೆಸರು. ಬುಡ ಬಿಟ್ಟು ಕೊಡೆ ಮಾತ್ರ ಕಿತ್ತು ತಂದರೆ ಅರ್ಧ ಸಾಕ್ಷಿ ಹೊಲದಲ್ಲೇ ಉಳಿದಂತೆ. ಗುರುತು ಸಿಗದ ಅಣಬೆಯನ್ನು ಮಾರುವವರು ಮಾರಬಾರದು, ಕೊಳ್ಳುವವರು ಕೊಳ್ಳಬಾರದು.

ಇನ್ನು ಬಸ್ಸಿನವರಿಗೆ ಒಂದು ಮಾತು: ಒಳ್ಳೆಯ ಅಣಬೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಸೆಕೆಯಲ್ಲಿ ತಾಸುಗಟ್ಟಲೆ ಒಯ್ದರೆ ಕೊಳೆತು ಹೊಟ್ಟೆ ಕೆಡಿಸುತ್ತದೆ. ಬುಟ್ಟಿಯೋ ಕಾಗದವೋ ಮೇಲು.

ತಿಂದ ಮೇಲೆ ಸಂಕಟವಾದರೆ ಗಡಿಯಾರ ನೋಡಿರಿ. ಬೇಗ ಬಂದ ವಾಂತಿಗಿಂತ ಆರು ತಾಸು ಕಳೆದ ಮೇಲೆ ಶುರುವಾದದ್ದು ಹೆಚ್ಚು ಅಪಾಯ, ಅದು ಅಮಾನಿಟಾದ ರೀತಿ. ಮರುದಿನ ಆರಾಮಾದಂತೆ ಕಂಡು ಆಮೇಲೆ ಯಕೃತ್ತು ಕೈಕೊಡುತ್ತದೆ. ಆರಾಮಾಯಿತೆಂದು ಮನೆಯಲ್ಲಿ ಕೂಡದೆ ಬೀದರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೇಗ ಬಂದದ್ದನ್ನೂ ಹಗುರಾಗಿ ತೆಗೆದುಕೊಳ್ಳದೆ ಡಾಕ್ಟರಿಗೆ ತೋರಿಸಬೇಕು. ಉಳಿದ ಅಣಬೆ, ಸಿಪ್ಪೆ, ಬುಡ, ಏನಿದ್ದರೂ ಕಾಗದದಲ್ಲಿ ಸುತ್ತಿ ಒಯ್ಯಿರಿ. ವಾಂತಿಯಲ್ಲಿ ಸಿಕ್ಕ ಬೀಜಕದಿಂದಲೂ ಅಣಬೆಯ ಜಾಡು ಹಿಡಿಯಬಹುದು.

ಸಂಬಂಧಪಟ್ಟವರು ನೋಡುವರೇ?

ಇದಕ್ಕೆ ಬೆಂಗಳೂರಿನವರೆಗೆ ಓಡಬೇಕಾಗಿಲ್ಲ. ಜೀವಶಾಸ್ತ್ರ ಕಲಿಸುವ ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಇರಲೇಬೇಕು. ಬೀದರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮಳೆಗಾಲದ ಎರಡು ತಿಂಗಳು ಸಂತೆಯ ದಿನ ಒಂದು ಮೇಜು ಹಾಕಿ, ಜನ ತಂದ ಅಣಬೆಯ ಪುಡಿ ನೋಡಿ, ಚಿತ್ರ ಬರೆದು, ಹೋಬಳಿಗೊಂದು ಪಟ್ಟಿ ಸಿದ್ಧಪಡಿಸಿದರೆ ಹುಡುಗರಿಗೂ ಪಾಠ, ಮಾರುವವರಿಗೂ ಧೈರ್ಯ. ಆ ಪಟ್ಟಿ ಬಸ್ ನಿಲ್ದಾಣದ ಗೋಡೆಗೂ ಆಸ್ಪತ್ರೆಯ ಬಾಗಿಲಿಗೂ ಏರಬೇಕು. ಮೇಜು, ಕಾಗದ, ಒಂದು ಹನಿ ನೀರಿನ ಖರ್ಚು ಎಷ್ಟಾದೀತು? ಆರಿದ್ರಾ ಮಳೆ ಯಾರನ್ನೂ ಕಾಯುವುದಿಲ್ಲ.